ಹರಿದುಹೋದ ನೀರಿನ ಋಣ

ತನ್ನ ಮಾಳಿಗೆಯ ಮೇಲೆ ಬಿದ್ದ ಮಳೆನೀರು ಹಿತ್ತಲ ಗೋಡೆಯನ್ನು ದಾಟಿದೊಡನೆ, ಅದರ ವಿಷಯದಲ್ಲಿ ಗೃಹಸ್ಥನ ಹೊಣೆ ತೀರಿತೆ? ತೀರಿತೆಂದೇ ನಮ್ಮಲ್ಲಿ ಬಹುಮಂದಿ ಭಾವಿಸುವರು. ತಗ್ಗಿನ ಕಡೆಗೆ ಹರಿಯುವುದು ನೀರಿನ ಸ್ವಭಾವ. ಅದಕ್ಕೆ ಮನುಷ್ಯನು ಹೇಗೆ ಹೊಣೆಯಾದಾನು ಎಂಬುದು ಅವರ ವಾದ.

ಈ ವಾದದಲ್ಲಿ ಒಂದು ಲೋಪವುಂಟು. ಹರಿಯುವುದು ನೀರಿನ ಸ್ವಭಾವವೇ ಸರಿ; ಆದರೆ ಇಷ್ಟು ಮೊತ್ತದಲ್ಲಿ, ಇಷ್ಟು ವೇಗದಿಂದ ಹರಿಯುವುದು ನಮ್ಮ ಕೃತಿ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರು ಮಳೆಯಾಗುತ್ತದೆ. 30 ಅಡಿ ಅಗಲ, 40 ಅಡಿ ಉದ್ದದ ಒಂದು ನಿವೇಶನದ ಮೇಲೆಯೇ ಅದು ಒಂದು ಲಕ್ಷ ಲೀಟರಿಗೆ ಮಿಗಿಲಾಗುವುದು. ಬಯಲಾಗಿದ್ದಾಗ ಆ ನೆಲವು ಬಹುಭಾಗವನ್ನು ಹೀರಿಕೊಳ್ಳುತ್ತಿತ್ತು. ಸಿಮೆಂಟು ಹಾಸಿದ ಮೇಲೆ ಹೆಚ್ಚುಕಡಿಮೆ ಎಲ್ಲವೂ ತಗ್ಗಿನಲ್ಲಿರುವವನ ಬಾಗಿಲಿಗೆ ಹೋಗುತ್ತದೆ.

ದೊಡ್ಡ ನದಿಯಿಲ್ಲದ ಆ ಊರಿನಲ್ಲಿ ಹಿಂದಿನವರು ಕೆರೆಗಳನ್ನು ಸಾಲಾಗಿ ಕಟ್ಟಿ, ಒಂದರ ಕೋಡಿಯ ನೀರು ರಾಜಕಾಲುವೆಯ ಮೂಲಕ ಮತ್ತೊಂದನ್ನು ಸೇರುವಂತೆ ಮಾಡಿದ್ದರು. ಧರ್ಮಾಂಬುಧಿ ಕೆರೆಯ ನೆಲದಲ್ಲಿ ಈಗ ಬಸ್ಸುಗಳು ನಿಲ್ಲುತ್ತವೆ. ಸಂಪಂಗಿ ಕೆರೆಯ ನೆಲದಲ್ಲಿ ಕ್ರೀಡಾಂಗಣವಿದೆ. 2022ರ ಸೆಪ್ಟೆಂಬರಿನ ಮಳೆಯಲ್ಲಿ ನಗರದ ಪೂರ್ವಭಾಗದ ಸಿರಿವಂತರನ್ನೂ ದೋಣಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಮನೆಯಿಂದ ಹೊರತರಬೇಕಾಯಿತು.

ದೊಡ್ಡ ನಿವೇಶನಗಳಲ್ಲಿ ಮಳೆನೀರನ್ನು ಹಿಡಿಯುವ ಏರ್ಪಾಡು ಕಡ್ಡಾಯವೆಂದು 2009ರಲ್ಲಿ ಅಲ್ಲಿ ಕಟ್ಟಳೆಯಾಯಿತು. ಕಟ್ಟಳೆಯಿಂದ ಇಂಗುಗುಂಡಿಯನ್ನು ತೋಡಿಸಬಹುದು. ತೋಡಿದವನ ಮನಸ್ಸು ಅದರ ಮೇಲಿರುವಂತೆ ಮಾಡಲಾಗದು. ಎಲೆಯೂ ಹೂಳೂ ಸೇರಿ ಕೆಲವೇ ಮಳೆಗಾಲಗಳಲ್ಲಿ ಗುಂಡಿ ಕಟ್ಟಿಕೊಳ್ಳುತ್ತದೆ. ಆಮೇಲೆ ಅದು ಕಾಗದದ ಮೇಲೆ ಮಾತ್ರ ನೀರು ಕುಡಿಯುವ ಗುಂಡಿ. ನಮ್ಮ ಪೂರ್ವಿಕರು ಇದನ್ನು ಬಲ್ಲವರಾಗಿದ್ದರು. ಕೆರೆಯನ್ನು ಕಟ್ಟಿದವರಿಗೂ ಕಾಯ್ದವರಿಗೂ ಅವರು ಭೂಮಿಯನ್ನು ಬಿಟ್ಟುಕೊಡುತ್ತಿದ್ದರು. ಕಟ್ಟುಕೊಡಗೆಯೆಂದು ಶಾಸನಗಳು ಕರೆಯುವುದು ಅದನ್ನೇ. ತೂಬನ್ನು ನೋಡಿಕೊಳ್ಳಲು ನೀರುಗಂಟಿಯಿದ್ದನು. ಕಟ್ಟುವುದು ಒಂದು ಕಾಲದ ಉತ್ಸಾಹ, ಕಾಯುವುದು ಪ್ರತಿವರ್ಷದ ಧರ್ಮ ಎಂಬ ವಿವೇಕ ಆ ಏರ್ಪಾಟಿನಲ್ಲಿತ್ತು.

ನನ್ನೊಂದು ಗುಂಡಿಯಿಂದ ಪ್ರವಾಹ ನಿಂತೀತೆ ಎಂದು ಯಾರಾದರೂ ಕೇಳಬಹುದು. ನಿಲ್ಲದು. ಆದರೆ ಲೋಕದ ಸಾಲವೆಲ್ಲ ತೀರದೆಂಬ ಕಾರಣದಿಂದ ಯಾರೂ ತನ್ನ ಸಾಲವನ್ನು ತಳ್ಳಿಹಾಕಲಾರನು. ಮನೆಯು ಕೈಯಿಂದ ಕೈಗೆ ಹೋದೀತು. ಮಾಳಿಗೆಯು ಮಾತ್ರ ಮಳೆ ಬಂದಾಗಲೆಲ್ಲ ನೀರನ್ನು ಸುರಿಸುತ್ತಲೇ ಇರುವುದು. ಆದುದರಿಂದ ಈ ಋಣವು ಕಟ್ಟಿಸಿದವನೊಬ್ಬನದೇ ಅಲ್ಲ, ಮನೆಗೇ ಅಂಟಿಕೊಂಡದ್ದು. ಅದರಲ್ಲಿ ಯಾರು ಬಾಳುವರೋ ಅವರು ಪ್ರತಿ ಮುಂಗಾರಿಗೆ ಮೊದಲು ಹೂಳೆತ್ತಿಸಿ ಅದನ್ನು ಸಲ್ಲಿಸತಕ್ಕದ್ದು.