ಒಂದೇ ರೈಟ್ ಮಾರ್ಕ್

ಹೊಸ ಫೋನು ಕೊಂಡವರನ್ನು ಅಂಗಡಿಯ ಹುಡುಗ ಮೊದಲು ಕೇಳುವುದು, "ವಾಟ್ಸ್ಆ್ಯಪ್ ಹಾಕಿಕೊಡಲಾ ಆಂಟಿ?" ಎಂದು. ಬೇಕೇ ಬೇಡವೇ ಎಂದು ಯೋಚಿಸುವವರು ಕಡಿಮೆ. ಸ್ಟೀಲು ಪಾತ್ರೆ ಕೊಂಡರೆ ಹೆಸರು ಹಾಕಿಸುವಂತೆ ಅದೂ ಒಂದು ಪದ್ಧತಿಯಾಗಿಬಿಟ್ಟಿದೆ. 2016ರಲ್ಲಿ ನಾನೂ ಹಾಗೆಯೇ ಹಾಕಿಸಿಕೊಂಡೆ. ಅದು ಆರಿಸಿಕೊಳ್ಳಬೇಕಾದ ವಸ್ತು ಎಂಬುದು ನನಗೆ ತಿಳಿದದ್ದು 2021ರ ಜನವರಿಯಲ್ಲಿ.

ಆ ತಿಂಗಳು ವಾಟ್ಸ್ಆ್ಯಪ್‌ನವರು ಎಲ್ಲರ ಫೋನಿಗೂ ಒಂದು ಒಪ್ಪಿಗೆ ಪತ್ರ ಕಳಿಸಿದ್ದರು. ಫೆಬ್ರವರಿ 8ರೊಳಗೆ ಒಪ್ಪದಿದ್ದರೆ ಬಾಗಿಲು ಮುಚ್ಚುತ್ತದೆ ಎಂಬ ಅರ್ಥ ಬರುವಂತಿತ್ತು. ಆಮೇಲೆ ಗದ್ದಲವಾಗಿ ಗಡುವನ್ನು ಮೇ 15ಕ್ಕೆ ಮುಂದೂಡಿದರು. ಸಂಕ್ರಾಂತಿಗೆ ಬಂದ ನನ್ನ ಮಗ ಎಳ್ಳುಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಲೇ ಶುರು ಮಾಡಿದ. "ಅಮ್ಮಾ, ಮಕ್ಕಳಿಗೆ ಮೂಲಭೂತ ಹಕ್ಕುಗಳ ಪಾಠ ಮಾಡೋದು ನೀನು. ಓದದೆ ಒಪ್ಪಿಗೆ ಒತ್ತೋದೂ ನೀನು."

ಮಾತು ನಾಟಿತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ತೀರ್ಪು ಬಂದಾಗ ಅವರಿಗೆ 91 ವರ್ಷ. ತರಗತಿಯಲ್ಲಿ ಇದನ್ನು ಹೇಳುವಾಗ ನನಗೆ ಪ್ರತಿ ವರ್ಷವೂ ಹೆಮ್ಮೆ ಉಕ್ಕುತ್ತದೆ. ಅಷ್ಟು ವಯಸ್ಸಾದವರು ದಿಲ್ಲಿಯವರೆಗೆ ಹೋರಾಡಿ ತಂದ ಹಕ್ಕನ್ನು ನಾನು ಹೆಬ್ಬೆರಳಿನಿಂದ ಬಿಟ್ಟುಕೊಡುವುದೇ?

ನಿಜ ಹೇಳಬೇಕೆಂದರೆ ವಾಟ್ಸ್ಆ್ಯಪ್‌ನವರು ನಾವು ಬರೆದದ್ದನ್ನು ಓದುವಂತಿಲ್ಲ. 2016ರಿಂದಲೇ ಅದಕ್ಕೆ ಬೀಗವಿದೆ. ಕಳಿಸಿದವರ ಮತ್ತು ಪಡೆದವರ ಫೋನಿನಲ್ಲಿ ಮಾತ್ರ ಅದು ತೆರೆಯುತ್ತದೆ. ಆದರೆ ಯಾರು ಯಾರಿಗೆ, ಯಾವ ಹೊತ್ತಿನಲ್ಲಿ, ಎಷ್ಟು ಸಲ ಎಂಬುದು ಬೀಗದ ಹೊರಗೇ ಉಳಿಯುತ್ತದೆ. ಇದೇನು ಮಹಾ ಎನ್ನುವವರು ನಮ್ಮೂರಿನ ಪೋಸ್ಟ್‌ಮ್ಯಾನರನ್ನು ನೆನೆಯಬೇಕು. ಅಂಟಿಸಿದ ಇನ್‌ಲ್ಯಾಂಡ್ ಲೆಟರನ್ನು ಅವರು ಎಂದೂ ಬಿಚ್ಚಿದವರಲ್ಲ. ಆದರೂ ಯಾರ ಮಗಳು ಗಂಡನ ಮನೆಯಿಂದ ವಾರಕ್ಕೆರಡು ಕಾಗದ ಬರೆಯುತ್ತಾಳೆ, ಯಾರ ಮಗ ದುಡ್ಡು ಕಳಿಸುವುದನ್ನು ನಿಲ್ಲಿಸಿದ ಎಂಬುದೆಲ್ಲ ಅವರಿಗೆ ಗೊತ್ತಿತ್ತು. ಊರಿನವರಾದ್ದರಿಂದ ನಾಚಿಕೆ ಇತ್ತು, ಬಾಯಿ ಬಿಡುತ್ತಿರಲಿಲ್ಲ. ಕಂಪನಿಗೆ ನಾಚಿಕೆ ಎಲ್ಲಿಂದ ಬರಬೇಕು? 2014ರಲ್ಲಿ ಫೇಸ್‌ಬುಕ್‌ನವರು ವಾಟ್ಸ್ಆ್ಯಪನ್ನು 1,900 ಕೋಟಿ ಡಾಲರಿಗೆ ಕೊಂಡರು. ಆ ಹಣ ಎಲ್ಲಿಂದಾದರೂ ಹುಟ್ಟಬೇಕಲ್ಲ!

ಮಗ ತೋರಿಸಿದ್ದು ಸಿಗ್ನಲ್. ದೇಣಿಗೆಯಿಂದ ನಡೆಯುವ ಸಂಸ್ಥೆ. ನಮ್ಮ ಬಗ್ಗೆ ಅವರು ಇಟ್ಟುಕೊಳ್ಳುವುದು ನಾವು ಸೇರಿದ ದಿನ, ಕೊನೆಯ ಸಲ ಬಂದ ದಿನ, ಹೆಚ್ಚುಕಡಿಮೆ ಇಷ್ಟೇ. ಟೆಲಿಗ್ರಾಂ ಬೇಡವೆಂದ. ಅದರಲ್ಲಿ ಗುಟ್ಟಿನ ಮಾತುಕತೆಯನ್ನು ಬೇರೆಯಾಗಿ ಆರಿಸಿಕೊಂಡರೆ ಮಾತ್ರ ಅಂಥ ಬೀಗವಂತೆ. ನಾನು ಸಿಗ್ನಲ್ ಹಾಕಿಸಿಕೊಂಡೆ, ವಾಟ್ಸ್ಆ್ಯಪ್ ತೆಗೆಸಿದೆ. ಅಕ್ಕ, ತಮ್ಮ, ಓರಗಿತ್ತಿ, ಶಾಲೆಯ ಸಹೋದ್ಯೋಗಿಗಳು, ಹೀಗೆ ಸುಮಾರು ನಲವತ್ತು ಜನಕ್ಕೆ "ಇನ್ನು ಮುಂದೆ ನಾನು ಇಲ್ಲಿರುವೆ" ಎಂದು ತಿಳಿಸಿದೆ. ಅಕ್ಕ ಮಾತ್ರ ಬಂದಳು. ನಮ್ಮಿಬ್ಬರ ನಡುವೆ ಹುಣಸೆಹಣ್ಣಿನ ಧಾರಣೆ, ಅವಳ ಮಂಡಿನೋವು, ಇವೆಲ್ಲ ಲೋಕದ ಅತ್ಯುತ್ತಮ ಬೀಗದೊಳಗೆ ಭದ್ರವಾದವು. ನನಗೆ ಏಕಾದಶಿ ಮಾಡಿದವರಿಗೆ ಇರುವಂಥ ಹಗುರವಾದ ಒಂದು ಜಂಭ ಬಂತು.

ಜಂಭ ಎರಡು ತಿಂಗಳು ನಡೆಯಿತು. ಶಾಲೆಯ ಸೂಚನೆಗಳೆಲ್ಲ ವಾಟ್ಸ್ಆ್ಯಪ್ ಗುಂಪಿಗೇ ಬರುತ್ತಿದ್ದವು. ಅವನ್ನು ಸಹೋದ್ಯೋಗಿ ಫೋನಿನಲ್ಲಿ ಓದಿ ಹೇಳಬೇಕಾಗುತ್ತಿತ್ತು. ಮಾರ್ಚ್ ಮಧ್ಯದಲ್ಲಿ ಅವರು ಬೇಸರ ಮಾಡಿಕೊಂಡರು. ನಾನು ಮತ್ತೆ ವಾಟ್ಸ್ಆ್ಯಪ್ ಹಾಕಿಕೊಂಡೆ.

ಮರುವರ್ಷ ತಿಪಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗಿ "ಮಿಸ್" ಎಂದು ಓಡಿ ಬಂದಳು. 2020ರಲ್ಲಿ, ಕೊರೋನಾ ನಡುವೆ ಮಾಸ್ಕ್ ಹಾಕಿಕೊಂಡು ಎಸ್ಸೆಸ್ಸೆಲ್ಸಿ ಬರೆದವಳು. ಕನ್ನಡದಲ್ಲೂ ಸಮಾಜದಲ್ಲೂ ಒಳ್ಳೆಯ ಅಂಕ ತೆಗೆದಿದ್ದಳು. ಸೆಕೆಂಡ್ ಪಿಯುಸಿ ಆಯ್ತೇನೇ ಎಂದೆ. ಇಲ್ಲ ಮಿಸ್, ಬೆಂಗಳೂರಲ್ಲಿ ಗಾರ್ಮೆಂಟ್ಸ್‌ಗೆ ಹೋಗ್ತಿದೀನಿ ಎಂದಳು. ಆಮೇಲೆ ಬಹಳ ಸಹಜವಾಗಿ, "ನಿಮಗೆ ಮೆಸೇಜ್ ಹಾಕಿದ್ದೆ ಮಿಸ್. ಒಂದೇ ರೈಟ್ ಮಾರ್ಕ್ ಬಂತು" ಎಂದಳು.

ಅವಳಿಂದ ಸ್ವಲ್ಪ ಸ್ವಲ್ಪವಾಗಿ ತಿಳಿದದ್ದಿಷ್ಟು. 2021ರ ಫೆಬ್ರವರಿ 1ಕ್ಕೆ ಪ್ರಥಮ ಪಿಯುಸಿ ತರಗತಿಗಳು ತೆರೆಯುವುದಿತ್ತು. ಅಪ್ಪ ಕಳಿಸುವುದಿಲ್ಲ ಎಂದ. ಮಿಸ್ ಮನೆಗೆ ಬಂದು ಮಾತಾಡಿದರೆ ಒಪ್ಪಿಯಾನೆಂದು ಇವಳ ನಂಬಿಕೆ. ಇದ್ದದ್ದು ಅಪ್ಪನ ಫೋನು. ಕರೆ ಮಾಡಿದರೆ ಮಾತು ಅಪ್ಪನ ಕಿವಿಗೆ ಬೀಳುತ್ತದೆ. ಬರೆದು ಕಳಿಸಿ, ಎರಡು ದಿನ ಕದ್ದು ಕದ್ದು ನೋಡಿ, ಆಮೇಲೆ ಅಪ್ಪ ಕಂಡಾನೆಂದು ಅಳಿಸಿದ್ದಾಳೆ. ಎಸ್ಸೆಮ್ಮೆಸ್ ಮಾಡುವುದು ಅವಳಿಗೆ ಹೊಳೆದೇ ಇಲ್ಲ. ಆ ವಯಸ್ಸಿನವರಿಗೆ ಅದು ಬ್ಯಾಂಕಿನವರು ಚೀಟಿ ಹಾಕುವ ಡಬ್ಬಿ. ತಲುಪದ ಸಂದೇಶವನ್ನು ವಾಟ್ಸ್ಆ್ಯಪ್‌ನವರು 30 ದಿನ ಇಟ್ಟುಕೊಂಡು ಆಮೇಲೆ ಅಳಿಸಿಬಿಡುತ್ತಾರೆ. ನಾನು ಮರಳಿದ್ದು ಅಷ್ಟರ ನಂತರ.

ನಾನು ಹೋಗಿದ್ದರೆ ಅವಳಪ್ಪ ಒಪ್ಪುತ್ತಿದ್ದನೇ? ಹೇಳಲಾರೆ. ಹಾಗೆ ಹೋಗಿ, ಕಾಫಿ ಕುಡಿದು, ಬರಿಗೈಯಲ್ಲಿ ಬಂದದ್ದೂ ಉಂಟು. ನನ್ನನ್ನು ಕೊರೆಯುವುದು ಅದಲ್ಲ, ಆ ನಲವತ್ತು ಜನರ ಪಟ್ಟಿ. ನಾನು ಯಾರಿಗೆ ಬರೆಯಬಯಸುತ್ತೇನೋ ಅವರೆಲ್ಲ ಅದರಲ್ಲಿದ್ದರು. ನನಗೆ ಬರೆಯಬೇಕಾಗಿ ಬರಬಹುದಾದವರು ಇರಲಿಲ್ಲ. ಪಾಸಾಗಿ ಹೋದ ಮಕ್ಕಳ ನೆನಪೇ ನನಗಾಗಲಿಲ್ಲ. ಬಾಗಿಲು ನನ್ನ ಮನೆಯದೇ, ಎಲ್ಲಿಡಬೇಕೆಂಬುದೂ ನನ್ನ ಇಷ್ಟವೇ, ಆದರೆ ಕತ್ತಲಲ್ಲಿ ತಡಕಿಕೊಂಡು ಬರುವವರಿಗೆ ಹಳೆಯ ಜಾಗವಷ್ಟೇ ಗೊತ್ತಿರುತ್ತದೆ.

ಹಾಗೆಂದು ಮಗನದು ತಪ್ಪೆನ್ನಲೇ? ಅದೂ ಆಗುತ್ತಿಲ್ಲ. ಯೋಚಿಸಿದಷ್ಟೂ ವಿಚಿತ್ರವಾಗಿ ಕಾಣುವುದು ಇದು: ಆ ಬೀಗ ನಿಜವಾಗಿ ಬೇಕಾಗಿದ್ದದ್ದು ಆ ಹುಡುಗಿಗೇ. ಹೊತ್ತು ಗೊತ್ತುಮಾಡಿಟ್ಟರೆ ಓದಿದ ಮೇಲೆ ತಾನಾಗಿ ಅಳಿಸಿಹೋಗುವ ಪತ್ರಗಳು ಸಿಗ್ನಲ್‌ನಲ್ಲಿವೆ. ಅಪ್ಪನ ಫೋನಿನಲ್ಲಿ ಹೊಸ ಆ್ಯಪ್ ಹಾಕಲು ಅವಳಿಂದ ಸಾಧ್ಯವಿರಲಿಲ್ಲ. ಹುಣಸೆಹಣ್ಣಿನ ಮಾತಿಗೆ ನನಗೆ ಬೀಗ ಸಿಕ್ಕಿತು. ವಾಟ್ಸ್ಆ್ಯಪ್ ಗುಂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಆನ್‌ಲೈನ್ ಪಾಠದ ಆ ವರ್ಷ ನಮ್ಮ ತರಗತಿಯ ಇನ್ನೊಂದು ಹುಡುಗಿಗೆ ರಾತ್ರಿ ಹತ್ತಕ್ಕೆ ಯಾರೋ ಕರೆ ಮಾಡತೊಡಗಿದ್ದರು. ತಂದೆ ಬಂದು ನನ್ನನ್ನು ಕೇಳಿದರು. ಗುಂಪು ಕಟ್ಟಿದವಳು ನಾನೇ. ಆಗಲೂ ನಾನು ಯಾರನ್ನೂ ಒಪ್ಪಿಗೆ ಕೇಳಿರಲಿಲ್ಲ.

2025ರ ಸೆಪ್ಟೆಂಬರಿನಲ್ಲಿ ಎಲ್ಲರೂ ಅರಟ್ಟೈ ಹಾಕಿಕೊಳ್ಳುವಾಗ ಶಾಲೆಯಲ್ಲಿ ನನ್ನನ್ನೂ ಕೇಳಿದರು. ನಮ್ಮ ದೇಶದ್ದು, ಹೆಸರೂ ನಮ್ಮ ಹರಟೆಯೇ, ತಮಿಳಿನ ಉಚ್ಚಾರಣೆ ಅಷ್ಟೆ. ಹಾಕಿಕೊಂಡೆ. ಈಗ ನನ್ನ ಫೋನಿನಲ್ಲಿ ಮೂರಿವೆ. ಮಗ ನಗುತ್ತಾನೆ.

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಮಕ್ಕಳ ಕಡೆಯ ತರಗತಿಯಲ್ಲಿ ಬೋರ್ಡಿನ ಮೇಲೆ ನನ್ನ ನಂಬರು ಬರೆಯುತ್ತೇನೆ. ಕೆಳಗೆ ಮನೆಯ ವಿಳಾಸವನ್ನೂ ಪೂರ್ತಿಯಾಗಿ ಬರೆಯುತ್ತೇನೆ. ಈ ಸಲ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಮಿಸ್, ಕೊನೇಲಿರೋ ಆರು ನಂಬರು ಯಾತರದು?" ಎಂದ. ಪಿನ್‌ಕೋಡ್ ಕಣಪ್ಪ ಎಂದೆ. ಬರೆದುಕೊಂಡ.