ಚಪ್ಪಲಿಗೊಂದು ಜಾಗ

ಈಗ ಯಾರ ಮನೆಯ ಗೃಹಪ್ರವೇಶಕ್ಕೆ ಹೋದರೂ ದೇವರಮನೆ, ಅಡುಗೆಮನೆಯ ಜೊತೆಗೆ ಚಪ್ಪಲಿ ಕಪಾಟನ್ನೂ ತೋರಿಸುತ್ತಾರೆ. ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತ, ಒಂದಡಿಯೂ ಆಳವಿಲ್ಲದ ಕಪಾಟು. ಹಿಡಿ ಹಿಡಿದು ಎಳೆದರೆ ಮುಚ್ಚಳ ಮುಂದಕ್ಕೆ ವಾಲುತ್ತದೆ. ಒಳಗೆ ಜೋಡುಗಳು ತಲೆ ಕೆಳಗೆ ಮಾಡಿ ನಿಂತಿರುತ್ತವೆ. ಮೇಲೊಂದು ಹೂದಾನಿ. ಮೆತ್ತೆ ಹಾಕಿದ ಬೆಂಚಿನಂಥದ್ದೂ ಉಂಟು, ಕೂತು ಬೂಟು ಹಾಕಿಕೊಳ್ಳಬಹುದು. ಮಂಡಿನೋವಿನ ನನ್ನಂಥವರಿಗೆ ಅದು ದೊಡ್ಡ ಉಪಕಾರ. ನಾನು ಇದನ್ನು ಆಡಿಕೊಳ್ಳುವವಳಲ್ಲ. ಬಾಗಿಲಲ್ಲಿ ಚೆಲ್ಲಾಪಿಲ್ಲಿ ಬಿದ್ದ ಚಪ್ಪಲಿಗಳನ್ನು ದಿನಕ್ಕೆ ನಾಲ್ಕು ಸಲ ಜೋಡಿಸುವವರು ನಾವು ಹೆಂಗಸರೇ ತಾನೆ?

ಚಂದದ ಜೊತೆಗೆ ಗಾಳಿಯೂ ಆಡಬೇಕು, ಅಷ್ಟೆ. ಮಳೆಗಾಲದಲ್ಲಿ ಒದ್ದೆ ಚರ್ಮದ ಚಪ್ಪಲಿಯನ್ನು ಮುಚ್ಚಿದ ಕಪಾಟಿಗೆ ತುರುಕಿದರೆ ಕೆಲವೇ ದಿನಗಳಲ್ಲಿ ಬೂಷ್ಟು. ಹಳೆಯ ಪೇಪರು ತುಂಬಿ ನೆರಳಲ್ಲಿ ಒಣಗಿಸಿ ಆಮೇಲೆ ಒಳಗಿಡಬೇಕು. ಕಡು ಬಿಸಿಲಿಗಿಟ್ಟರೆ ಚರ್ಮ ಬಿರಿಯುತ್ತದೆ.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ಆ ಕಪಾಟಿನಲ್ಲಿ ಯಾರ ಚಪ್ಪಲಿಗೆ ಜಾಗವಿದೆ? ಮನೆಯವರದಕ್ಕೆ ಇದೆ. ನೆಂಟರು ಬಂದರೆ ಒಂದು ಗೂಡು ತೆರವಾಗುತ್ತದೆ. ಮನೆಗೆಲಸಕ್ಕೆ ಬರುವವಳದು? ಅದು ಗೇಟಿನ ಹತ್ತಿರ, ಮಳೆ ಬಂದರೆ ಮಳೆಯಲ್ಲಿ. ಕೇಳಿದರೆ ಶುಚಿತ್ವ ಎನ್ನುತ್ತಾರೆ. ಯಜಮಾನರ ಬೂಟೂ ಅದೇ ರಸ್ತೆಯ ಅದೇ ಕೆಸರನ್ನು ತುಳಿದು ಬಂದದ್ದಲ್ಲವೆ? ಇನ್ನೂ ಕೆದಕಿದರೆ, "ನಾವೇನೂ ಹೇಳಿಲ್ಲಪ್ಪ, ಅವಳೇ ಅಲ್ಲಿ ಬಿಡುತ್ತಾಳೆ" ಎಂಬ ಉತ್ತರ. ನಿಜವೇ ಇರಬಹುದು. ಆದರೆ ಯಾರೂ ಹೇಳದೆ ಅವಳಿಗೆ ತಿಳಿದದ್ದು ಹೇಗೆ? ಮೇಲಿನವರ ಕೇರಿಯಲ್ಲಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆಯಬೇಕಾಗಿದ್ದ ಜನ ನಮ್ಮ ಊರುಗಳಲ್ಲೇ ಇದ್ದರು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು ಎಂದು ತರಗತಿಯಲ್ಲಿ ಕೇಳಿದೊಡನೆ ಮಕ್ಕಳು ಕೈಯೆತ್ತಿ ಹೇಳುತ್ತಾರೆ. ಕಾಲಿಗೆ ಮಾತ್ರ ಹಳೆಯ ಪಾಠವೇ ನೆನಪಿರುತ್ತದೆಯೋ ಏನೋ.

ನಮ್ಮ ಕಥೆಗಳೇನೂ ಪಾದರಕ್ಷೆಯನ್ನು ಕೀಳು ಮಾಡಿಲ್ಲ. ಭರತ ಅಣ್ಣನ ಪಾದುಕೆಯನ್ನು ಸಿಂಹಾಸನದ ಮೇಲಿಟ್ಟ. ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಹೊಲಿದು ತಂದ ಚಮ್ಮಾವುಗೆಯನ್ನು ಬಸವಣ್ಣನವರು ಕಾಲಿಗೆ ಮೆಟ್ಟದೆ ತಲೆಯ ಮೇಲೆ ಹೊತ್ತರೆಂದು ಕೇಳುತ್ತಲೇ ಬೆಳೆದಿದ್ದೇವೆ. ನಮ್ಮ ಅಥಣಿ, ನಿಪ್ಪಾಣಿ ಕಡೆಯಲ್ಲೂ ತಯಾರಾಗುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಮದುವೆಗೆಂದು ಆರಿಸಿ ಆರಿಸಿ ಕೊಂಡು, ಬಟ್ಟೆಯ ಚೀಲದಲ್ಲಿ ಸುತ್ತಿ ಕಪಾಟಿನ ಮೇಲಿನ ಅರೆಯಲ್ಲಿ ಇಡುತ್ತೇವೆ. ಹೊಲಿದವನು ಮನೆಗೆ ಬಂದರೆ ಅವನ ಚಪ್ಪಲಿ ಎಲ್ಲಿ ಬಿಡುತ್ತಾನೆ?

ಸ್ಟಾಫ್ ರೂಮಿನಲ್ಲಿ ಈ ಮಾತೆತ್ತಿದಾಗ ಗೆಳತಿಯೊಬ್ಬರು, "ದೇವಸ್ಥಾನದಲ್ಲಿ ನಾವೂ ಹೊರಗೇ ಬಿಡುವುದಿಲ್ಲವೇನ್ರೀ, ಅದರಲ್ಲಿ ಅವಮಾನವೇನು ಬಂತು?" ಎಂದರು. ಒಳ್ಳೆಯ ಪ್ರಶ್ನೆ. ಅಲ್ಲಿ ಎಲ್ಲರದೂ ಒಂದೇ ಸ್ಟ್ಯಾಂಡಿಗೆ ಹೋಗುತ್ತದೆ, ಎಲ್ಲರಿಗೂ ಅದೇ ಟೋಕನ್ನು. (ನಮ್ಮಲ್ಲಿ ಕೆಲವರಿಗೆ ದೇವರಿಗಿಂತ ಆ ಟೋಕನ್ನಿನದೇ ಧ್ಯಾನ!) ಹೊರಗೆ ಬಿಡುವುದು ನೋಯಿಸುವುದಿಲ್ಲ, ಒಬ್ಬಳದು ಮಾತ್ರ ಹೊರಗೆ ಉಳಿದರೆ ನೋಯಿಸುತ್ತದೆ.

ಆದರೆ ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. "ಒಳಗಿಡು" ಎಂದರೆ ಅವಳು ನಾಚಿ, "ಬೇಡಮ್ಮ, ಇಲ್ಲೇ ಇರಲಿ" ಎನ್ನುತ್ತಾಳೆ. ಒತ್ತಾಯ ಮಾಡಬೇಕೆ? ನಾಲ್ಕು ಜನರ ಮುಂದೆ ಒತ್ತಾಯಿಸಿದರೆ ಅದು ಅವಳಿಗಿಂತ ನಮ್ಮ ದೊಡ್ಡತನಕ್ಕೇ ಹೆಚ್ಚು ಒದಗುತ್ತದೆ. ಬಾಯಿಂದ ಹೇಳಿದ ಸಮಾನತೆಯೂ ಒಂದು ಅಪ್ಪಣೆಯಂತೆ ಕೇಳಿಸಬಹುದು.

ನಮ್ಮ ಮನೆಗೆ ಕಪಾಟು ಮಾಡಿಸುವಾಗ ಆಚಾರಿ, "ಎಷ್ಟು ಜೊತೆ ಹಿಡಿಸಬೇಕಮ್ಮಾ?" ಎಂದು ಕೇಳಿದ. ನಮ್ಮ ಲೆಕ್ಕ ಹೇಳಿ, ಕೆಳಗೆ ಇನ್ನೊಂದು ಸಾಲು ಬಾಗಿಲಿಲ್ಲದೆ ತೆರೆದೇ ಇರಲಿ ಎಂದೆ. ಅದನ್ನು ವರಾಂಡದಲ್ಲಿ, ಸೂರಿನ ಕೆಳಗೆ ಇಟ್ಟಿದ್ದೇವೆ. ಆ ಸಾಲು ಇಂಥವರಿಗೆ ಎಂದು ಯಾರಿಗೂ ಹೇಳಿಲ್ಲ. ಹಾಲಿನ ಹುಡುಗ ಬಿಡುತ್ತಾನೆ, ನನ್ನ ತಂಗಿ ಬಿಡುತ್ತಾಳೆ, ಅವಸರದಲ್ಲಿ ನಾನೂ ಬಿಡುತ್ತೇನೆ. ಕೆಲಸಕ್ಕೆ ಬರುವವಳು ಮಳೆಯ ದಿನ ತನ್ನ ಹವಾಯಿ ಚಪ್ಪಲಿಯನ್ನು ಅಲ್ಲಿಡುತ್ತಾಳೆ. ಬಿಸಿಲಿದ್ದರೆ ಗೇಟಿನ ಹತ್ತಿರವೇ.