ಮುತ್ತಿಗೆಯ ಊರಿನಲ್ಲೊಂದು ಕ್ರಯಪತ್ರ

ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರದಲ್ಲಿ ಪೌಲನು ಕಡೆಯವರೆಗೆ ಉಳಿಯುವಂಥ ಮೂರು ಗುಣಗಳನ್ನು ಹೆಸರಿಸುತ್ತಾನೆ. ಕನ್ನಡದ ಸತ್ಯವೇದದಲ್ಲಿ ಅವುಗಳ ನಡುವಿನದಕ್ಕೆ ಬಂದಿರುವ ಶಬ್ದ 'ನಿರೀಕ್ಷೆ'. ಮೊದಲ ಸಲ ಓದಿದಾಗ ಈ ಶಬ್ದ ನನಗೆ ಸಪ್ಪೆಯೆನಿಸಿತ್ತು. ಬಸ್ಸಿಗಾಗಿ ನಿರೀಕ್ಷೆ, ಕಾಗದಕ್ಕಾಗಿ ನಿರೀಕ್ಷೆ, ಪರೀಕ್ಷೆಯ ಫಲಿತಾಂಶಕ್ಕಾಗಿ ನಿರೀಕ್ಷೆ—ಹೀಗೆ ದಿನಬಳಕೆಯಲ್ಲಿ ಸವೆದುಹೋದ ಮಾತು ಅದು. 'ಆಸೆ' ಎನ್ನಬಹುದಾಗಿತ್ತಲ್ಲ, 'ಭರವಸೆ' ಎಂದರೆ ಇನ್ನೂ ಗಟ್ಟಿಯಾಗುತ್ತಿತ್ತಲ್ಲ, ಎಂದುಕೊಂಡಿದ್ದೆ. ಈಗ ಹಾಗೆನಿಸುವುದಿಲ್ಲ. ಆಸೆ ಎಂಬುದು ನಮ್ಮ ದೇಶದಲ್ಲಿ ಸಂತರಿಂದ ಬೈಸಿಕೊಂಡು ಬೈಸಿಕೊಂಡು ಕೆಟ್ಟ ಹೆಸರು ಹೊತ್ತ ಶಬ್ದ. ಭರವಸೆಯನ್ನಂತೂ ಯಾರು ಬೇಕಾದರೂ ಯಾರಿಗೆ ಬೇಕಾದರೂ ಕೊಡಬಹುದು. ಚುನಾವಣೆಯ ಕಾಲದಲ್ಲಿ ಧಾರಾಳವಾಗಿ ಕೊಡುತ್ತಾರೆ ಕೂಡ. ನಿರೀಕ್ಷೆ ಹಾಗಲ್ಲ. ಅದರ ಬೇರಿನಲ್ಲಿ ನೋಟವಿದೆ. ನಿರೀಕ್ಷಿಸುವವನೆಂದರೆ ಬಾಗಿಲಲ್ಲಿ ನಿಂತು ದಾರಿಯ ಕಡೆ ಕಣ್ಣಿಟ್ಟವನು. ಬರುವವರು ಇನ್ನೂ ಬಂದಿಲ್ಲವೆಂಬುದು ಅವನಿಗೆ ಚೆನ್ನಾಗಿ ಗೊತ್ತು.

ಧರ್ಮಗ್ರಂಥದ ಪಠಣದಿಂದ ಮನಸ್ಸಿಗೆ ನೆಮ್ಮದಿ ಎಂದು ಎಲ್ಲ ಮತದ ಹಿರಿಯರೂ ಹೇಳುತ್ತಾರೆ. ಅದು ನೆಮ್ಮದಿಯಲ್ಲ, ಮಂಪರು ಎಂದು ಹೇಳುವವರೂ ಉಂಟು. ಅವರ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಸತ್ಯವೇದವನ್ನು ಕಣ್ಣು ಮುಚ್ಚಿ ತೆರೆದು, ಬೆರಳು ಬಿದ್ದ ವಚನವನ್ನೇ ಶಕುನವೆಂದು ಹಿಡಿದು, ಮುಂದಿನ ಹೆಜ್ಜೆಯನ್ನು ನಿರ್ಧರಿಸುವ ಭಕ್ತರಿದ್ದಾರೆ. ಎಲ್ಲ ಒಳ್ಳೆಯದೇ ಆಗುತ್ತದೆ ಎನ್ನುವ ನಾಲ್ಕು ವಾಕ್ಯಗಳನ್ನು ಆರಿಸಿಕೊಂಡು ಉಳಿದ ಸಾವಿರ ಪುಟವನ್ನು ಮುಟ್ಟದವರೂ ಇದ್ದಾರೆ. ಆದರೆ ಮನೆ ನಿಜವಾಗಿಯೂ ಕುಸಿಯುತ್ತಿರುವಾಗ ಈ ಗ್ರಂಥ ತನ್ನನ್ನು ಓದುವವನಿಗೆ ಏನು ಮಾಡುತ್ತದೆ? ಇದಕ್ಕೆ ಉತ್ತರ ಹುಡುಕುವಾಗ ನನಗೆ ನೆನಪಾಗುವುದು ಒಂದು ಜಮೀನಿನ ವ್ಯವಹಾರ.

ಕ್ರಿಸ್ತಪೂರ್ವ ೫೮೭ರ ಸುಮಾರು. ಬಾಬಿಲೋನಿನ ಅರಸ ನೆಬೂಕದ್ನೆಚ್ಚರನ ದಂಡು ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ. ಪಟ್ಟಣ ಶತ್ರುವಿನ ಕೈಸೇರುತ್ತದೆಂದು ಬಹಿರಂಗವಾಗಿ ಸಾರಿದ ತಪ್ಪಿಗೆ ಪ್ರವಾದಿ ಯೆರೆಮೀಯನನ್ನು ಅರಮನೆಯ ಕಾವಲಿನ ಅಂಗಳದಲ್ಲಿ ಸೆರೆಯಿಟ್ಟಿದ್ದಾರೆ. ಅಲ್ಲಿಗೆ ಅವನ ಚಿಕ್ಕಪ್ಪನ ಮಗ ಹನಮೇಲನು ಬಂದು, ಅನಾತೋತಿನಲ್ಲಿರುವ ತನ್ನ ಹೊಲವನ್ನು ಕೊಂಡುಕೊಳ್ಳಬೇಕೆಂದು ಕೇಳುತ್ತಾನೆ. ಕುಲದ ಆಸ್ತಿ ಹೊರಗಿನವರ ಪಾಲಾಗದಂತೆ ಬಿಡಿಸಿಕೊಳ್ಳುವ ಹಕ್ಕು ಹತ್ತಿರದ ದಾಯಾದಿಯದು. ಅನಾತೋತ್ ಇರುವುದು ಯೆರೂಸಲೇಮಿನಿಂದ ಈಶಾನ್ಯಕ್ಕೆ ನಾಲ್ಕೈದು ಕಿಲೋಮೀಟರು ದೂರದಲ್ಲಿ. ಪಟ್ಟಣವನ್ನೇ ಸುತ್ತುವರಿದ ದಂಡು ಆ ಹೊಲದಲ್ಲೂ ಡೇರೆ ಹೊಡೆದಿದ್ದರೆ ಆಶ್ಚರ್ಯವಿಲ್ಲ. ಹನಮೇಲನ ಧೈರ್ಯಕ್ಕೆ ಮೆಚ್ಚಬೇಕು! ಶತ್ರುವಿನ ಕಾಲಡಿಯಲ್ಲಿರುವ ನೆಲವನ್ನು ಸೆರೆಯಲ್ಲಿರುವ ನೆಂಟನಿಗೆ ಮಾರಲು ಬಂದವನು ಅವನು. ನಮ್ಮ ಕಡೆಯ ದಾಯಾದಿಗಳಿಗೂ ಇಷ್ಟು ಚುರುಕು ಇರಲಾರದು.

ಯೆರೆಮೀಯ ಆ ಹೊಲವನ್ನು ಕೊಂಡ. ಹದಿನೇಳು ಶೆಕೆಲ್ ಬೆಳ್ಳಿಯನ್ನು, ಎಂದರೆ ಈಗಿನ ಲೆಕ್ಕದಲ್ಲಿ ಸುಮಾರು ೨೦೦ ಗ್ರಾಮನ್ನು, ತಕ್ಕಡಿಯಲ್ಲಿ ತೂಗಿಕೊಟ್ಟ. ಪತ್ರಕ್ಕೆ ರುಜು ಹಾಕಿದ, ಮುದ್ರೆಯೊತ್ತಿದ, ಸಾಕ್ಷಿಗಳಿಂದ ಸಹಿ ಮಾಡಿಸಿದ. ಮುದ್ರೆಯೊತ್ತಿದ ಪ್ರತಿ ಒಂದು, ತೆರೆದ ಪ್ರತಿ ಒಂದು; ಎರಡನ್ನೂ ಅಂಗಳದಲ್ಲಿ ಕುಳಿತಿದ್ದವರೆಲ್ಲರ ಎದುರಿನಲ್ಲಿ ತನ್ನ ಲಿಪಿಕಾರ ಬಾರೂಕನ ಕೈಗಿತ್ತು, ಬಹುಕಾಲ ಕೆಡದೆ ಉಳಿಯುವಂತೆ ಮಣ್ಣಿನ ಗಡಿಗೆಯಲ್ಲಿ ಇಡಲು ಹೇಳಿದ. ಸಬ್‌ರಿಜಿಸ್ಟ್ರಾರರ ಕಛೇರಿಯಲ್ಲೂ ಇದಕ್ಕಿಂತ ಕಟ್ಟುನಿಟ್ಟಾಗಿ ನಡೆಯುವುದಿಲ್ಲ. ಈ ನಾಡಿನಲ್ಲಿ ಮತ್ತೆ ಜನ ಮನೆಮಾರು ಹೊಲತೋಟಗಳನ್ನು ಕೊಂಡು ಬಾಳುವರು ಎಂಬುದೇ ಆ ಪತ್ರದ ತಾತ್ಪರ್ಯವೆಂದು ಅವನು ಸಾರಿದ.

ಆಮೇಲಿನ ಭಾಗವನ್ನು ಉಪದೇಶಕರು ಸಾಮಾನ್ಯವಾಗಿ ಬೇಗ ದಾಟಿಬಿಡುತ್ತಾರೆ. ಪತ್ರವನ್ನು ಬಾರೂಕನಿಗೆ ಕೊಟ್ಟಾದ ಮೇಲೆ ಯೆರೆಮೀಯ ಪ್ರಾರ್ಥನೆಗೆ ತೊಡಗುತ್ತಾನೆ. ಮೊದಲು ಸ್ತುತಿ, ಸೃಷ್ಟಿಯ ವರ್ಣನೆ, ಐಗುಪ್ತದಿಂದ ಬಿಡುಗಡೆಯ ಸ್ಮರಣೆ. ಎಲ್ಲ ಕ್ರಮಬದ್ಧವಾಗಿ ಬರುತ್ತದೆ. ಕೊನೆಗೆ ಮನಸ್ಸಿನಲ್ಲಿದ್ದದ್ದು ಹೊರಬೀಳುತ್ತದೆ: ಶತ್ರುಗಳ ದಿಬ್ಬಗಳು ಗೋಡೆಯವರೆಗೆ ಬಂದಿವೆ, ಊರು ಕತ್ತಿಗೂ ಬರಕ್ಕೂ ವ್ಯಾಧಿಗೂ ತುತ್ತಾಗುತ್ತಿದೆ, ಇಂಥದರಲ್ಲಿ ನನ್ನಿಂದ ಹೊಲ ಕೊಳ್ಳಿಸುತ್ತೀಯಲ್ಲ! ಸಂಶಯ ತೀರಿದ ಮೇಲೆ ಅವನು ಹಣ ಕೊಟ್ಟದ್ದಲ್ಲ. ಹಣ ಕೊಟ್ಟ ಮೇಲೂ ಸಂಶಯ ತೀರಿರಲಿಲ್ಲ. ಶ್ರದ್ಧೆಯೆಂದರೆ ಸಂದೇಹವಿಲ್ಲದ ಮನಸ್ಸು ಎಂದು ನಂಬಿರುವವರು ಈ ಅಧ್ಯಾಯವನ್ನು ಇನ್ನೊಮ್ಮೆ ಓದುವುದು ಒಳ್ಳೆಯದು.

ಇದೇ ಯೆರೆಮೀಯನನ್ನು ಆಶಾವಾದಿ ಎನ್ನುವಂತಿಲ್ಲ. ಅವನ ಕಾಲದ ಆಶಾವಾದಿ ಬೇರೆಯವನು, ಹನನ್ಯನೆಂಬ ಪ್ರವಾದಿ. ಎರಡೇ ವರ್ಷದಲ್ಲಿ ಬಾಬಿಲೋನಿನ ನೊಗ ಮುರಿಯುತ್ತದೆ, ದೇವಾಲಯದಿಂದ ಒಯ್ದ ಪಾತ್ರೆಗಳೆಲ್ಲ ಹಿಂದಿರುಗುತ್ತವೆ ಎಂದು ಜನರ ಮುಂದೆ ಘೋಷಿಸಿದವನು. ಅದನ್ನು ಕೇಳಿ ಯೆರೆಮೀಯ ಸಿಟ್ಟಾಗಲಿಲ್ಲ. ಹಾಗೆಯೇ ಆಗಲಪ್ಪ ಎಂದ. ಅವನಿಗೂ ಊರು ಉಳಿಯುವುದೇ ಬೇಕಾಗಿತ್ತು. ಆದರೆ ಬೇಕಾದದ್ದನ್ನು ಕಂಡದ್ದೆಂದು ಹೇಳಲು ಅವನ ಮನಸ್ಸು ಒಪ್ಪಲಿಲ್ಲ. ಹನನ್ಯನ ಭವಿಷ್ಯಕ್ಕೆ ಒಂದು ಕಾಸಿನ ಖರ್ಚೂ ಇರಲಿಲ್ಲ. ಯೆರೆಮೀಯನದಕ್ಕೆ ಹದಿನೇಳು ಶೆಕೆಲ್ ಹಿಡಿಯಿತು. ನಿರೀಕ್ಷೆಗೂ ಹುಸಿ ಸಮಾಧಾನಕ್ಕೂ ಇರುವ ಅಂತರವನ್ನು ತೂಗಿ ನೋಡಲು ಇದಕ್ಕಿಂತ ಒಳ್ಳೆಯ ತಕ್ಕಡಿ ನನಗೆ ಸಿಕ್ಕಿಲ್ಲ.

ಇಪ್ಪತ್ತೈದು ಶತಮಾನಗಳ ಮೇಲೆ ಇದೇ ಅಧ್ಯಾಯವನ್ನು ಇನ್ನೊಬ್ಬ ಸೆರೆಯಾಳು ಓದಿದ. ಜರ್ಮನಿಯ ಡೀಟ್ರಿಕ್ ಬಾನ್‌ಹೋಫರ್ ದೇವಶಾಸ್ತ್ರದ ಪಂಡಿತ, ಲೂಥರನ್ ಸಭೆಯ ಪಾದ್ರಿ. ಗಾಂಧೀಜಿಯವರ ಆಶ್ರಮದಲ್ಲಿ ಕೆಲಕಾಲ ಇರಬೇಕೆಂಬ ಹಂಬಲ ಅವನಿಗಿತ್ತು. ೧೯೩೪ರ ನವೆಂಬರಿನಲ್ಲಿ ಗಾಂಧೀಜಿ ಬರಹೇಳಿ ಕಾಗದವನ್ನೂ ಬರೆದರು. ಆ ಪ್ರಯಾಣ ಕೈಗೂಡಲಿಲ್ಲ. ಹಿಟ್ಲರನ ಆಡಳಿತಕ್ಕೆ ತಲೆಬಾಗದ ಸಭೆಯ ಪಾದ್ರಿಗಳನ್ನು ತರಬೇತು ಮಾಡಲು ೧೯೩೫ರಲ್ಲಿ ಅವನು ಒಂದು ಶಾಲೆಯ ಹೊಣೆ ಹೊತ್ತ. ಅದು ಬೇಗನೆ ಫಿಂಕೆನ್ವಾಲ್ಡೆ ಎಂಬ ಊರಿನಲ್ಲಿ ನೆಲೆಯೂರಿತು. ಅಲ್ಲಿನ ದಿನಚರಿಯಲ್ಲಿ ಒಂದು ನಿಯಮವಿತ್ತು: ಬೆಳಿಗ್ಗೆ ಅರ್ಧ ಗಂಟೆ ಮೌನ, ಮುಂದೆ ಸತ್ಯವೇದದ ಕೆಲವೇ ಸಾಲುಗಳು, ಆ ಸಾಲುಗಳೇ ಒಂದು ವಾರ ಪೂರ್ತಿ. ಪ್ರಸಂಗಕ್ಕೆ ಟಿಪ್ಪಣಿ ಮಾಡಿಕೊಳ್ಳುವುದಕ್ಕಲ್ಲ, ಪಾಂಡಿತ್ಯಕ್ಕಲ್ಲ. ಶಿಷ್ಯರಲ್ಲಿ ಹಲವರಿಗೆ ಇದು ಬೇಸರ ತಂದಿತು, ಮನಸ್ಸು ಎಲ್ಲೆಲ್ಲೋ ಅಲೆಯಿತು. ಜಪಮಾಲೆ ಹಿಡಿದು ಕೂತವರಿಗೆ ಈ ಕಷ್ಟ ಹೊಸದಲ್ಲ. ೧೯೩೭ರಲ್ಲಿ ಗುಪ್ತ ಪೋಲೀಸರು ಶಾಲೆಯನ್ನು ಮುಚ್ಚಿಸಿದರು.

೧೯೩೯ರ ಜೂನಿನಲ್ಲಿ ಸ್ನೇಹಿತರು ಅವನನ್ನು ಅಮೆರಿಕಕ್ಕೆ ಕರೆಸಿಕೊಂಡರು. ನ್ಯೂಯಾರ್ಕಿನಲ್ಲಿ ಸುರಕ್ಷಿತವಾದ ಕೆಲಸ ಸಿದ್ಧವಾಗಿತ್ತು. ಅವನು ಒಂದು ತಿಂಗಳೂ ಪೂರ್ತಿ ನಿಲ್ಲಲಿಲ್ಲ. ಜುಲೈ ಮೊದಲಲ್ಲೇ ಹಿಂದಿರುಗುವ ಹಡಗು ಹತ್ತಿದ. ಆಗಿನ ದಿನಚರಿಯಲ್ಲಿ ಒಂದು ಸಂಗತಿ ಇದೆ. ಚಳಿಗಾಲಕ್ಕೆ ಮುಂಚೆ ಬಂದುಬಿಡು ಎಂದು ಪೌಲನು ತಿಮೊಥೆಯನನ್ನು ಕರೆಯುವ ವಾಕ್ಯವನ್ನು ಒಂದು ದಿನ ಅವನು ಓದಿದ. ಅದು ದಿನವೆಲ್ಲ ಅವನ ಬೆನ್ನು ಬಿಡಲಿಲ್ಲ. ಇದು ಶಕುನ ನೋಡುವುದೇ ಅಲ್ಲವೆ ಎಂದು ನಾವು ಕೇಳಬಹುದು. ಆದರೆ ಕೆಲಸ ಬೇಡವೆಂದು ಅವನು ಅದಕ್ಕೆ ಕೆಲವು ದಿನ ಮೊದಲೇ ತಿಳಿಸಿಬಿಟ್ಟಿದ್ದ. ವಾಕ್ಯ ಬಂದು ಅವನ ಪರವಾಗಿ ನಿರ್ಧಾರ ಮಾಡಲಿಲ್ಲ. ಮಾಡಿದ ನಿರ್ಧಾರದಿಂದ ಜಾರಿಕೊಳ್ಳದಂತೆ ಅವನನ್ನು ಹಿಡಿದು ನಿಲ್ಲಿಸಿತು. ಓದಿನ ಉಪಯೋಗ ಇಷ್ಟೇ ಎಂದರೂ ಅದು ಸಣ್ಣದಲ್ಲ.

ಇಲ್ಲಿ ಒಂದು ಕಹಿಯಾದ ವಿಷಯವನ್ನು ಹೇಳದೆ ಮುಂದೆ ಹೋಗಲಾರೆ. ಹಿಟ್ಲರನಿಗೆ ಜಯಕಾರ ಹಾಕಿದ ಪಾದ್ರಿಗಳ ಮೇಜಿನ ಮೇಲೂ ಇದ್ದದ್ದು ಲೂಥರನು ಅನುವಾದಿಸಿದ ಇದೇ ಗ್ರಂಥ. ಯೆಹೂದ್ಯರ ರಕ್ತವಿರುವವರಿಗೆ ಸಭೆಯಲ್ಲಿ ಪಾದ್ರಿಯ ಸ್ಥಾನ ಕೂಡದೆಂದವರೂ ಯೆಹೂದ್ಯನಾದ ಪೌಲನ ಪತ್ರಗಳನ್ನು ಭಾನುವಾರ ಭಾನುವಾರ ಓದುತ್ತಿದ್ದರು. ಆದ್ದರಿಂದ ಸತ್ಯವೇದವನ್ನು ಓದಿದರೆ ಮನುಷ್ಯ ಸ್ಥಿರನಾಗುತ್ತಾನೆ ಎಂಬ ಮಾತು ಇದ್ದ ಹಾಗೆಯೇ ನಿಲ್ಲುವಂಥದಲ್ಲ. ಸ್ಥಿರವಾಗಿ ತಪ್ಪು ಮಾಡುವುದಕ್ಕೂ ಅದರಿಂದ ಬಲ ಪಡೆದವರಿದ್ದಾರೆ. ನಾವು ಈ ಪುಸ್ತಕವನ್ನು ನಮ್ಮ ಪರವಾಗಿ ಓದುತ್ತೇವೆ, ನಮಗೆ ವಿರೋಧವಾಗಿ ಓದುವುದನ್ನು ಮರೆತಿದ್ದೇವೆ ಎಂದು ಬಾನ್‌ಹೋಫರ್ ೧೯೩೨ರಲ್ಲೇ, ಹಿಟ್ಲರ್ ಗದ್ದುಗೆಗೆ ಬರುವ ಮೊದಲೇ, ಒಂದು ಉಪನ್ಯಾಸದಲ್ಲಿ ಎಚ್ಚರಿಸಿದ್ದ. ಗೀತೆಯ ಪಾರಾಯಣಕ್ಕೂ ವಚನಗಳ ಪಠಣಕ್ಕೂ ಈ ಮಾತು ಸಲ್ಲುತ್ತದೆ. ಬೇಕಾದ ಕಡೆ ಗುರುತಿನ ದಾರ ಇಟ್ಟುಕೊಳ್ಳುವುದರಲ್ಲಿ ನಾವೂ ಹಿಂದೆ ಬಿದ್ದವರಲ್ಲ.

೧೯೪೩ರ ಜನವರಿಯಲ್ಲಿ ಅವನಿಗೆ ಮರಿಯಾ ಎಂಬ ತರುಣಿಯೊಡನೆ ವಿವಾಹ ನಿಶ್ಚಯವಾಯಿತು. ಏಪ್ರಿಲ್ ೫ರಂದು ಅವನ ದಸ್ತಗಿರಿ. ಬರ್ಲಿನ್ನಿನ ಟೇಗಲ್ ಸೆರೆಮನೆಯಲ್ಲಿಟ್ಟರು. ಆ ವರ್ಷದ ಆಗಸ್ಟಿನಲ್ಲಿ ಅವಳಿಗೆ ಬರೆದ ಪತ್ರದಲ್ಲಿ ಅವನು ನೆನೆದದ್ದು ಅನಾತೋತಿನ ಹೊಲವನ್ನು. ಊರಿನ ಮೇಲೆ ಬಾಂಬು ಬೀಳುತ್ತಿರುವಾಗ, ವರ ಸೆರೆಮನೆಯಲ್ಲಿರುವಾಗ, ಮದುವೆಯ ಮಾತನ್ನಾಡುವುದೆಂದರೆ ಈ ಭೂಮಿಯ ಬಾಳಿಗೆ 'ಹೌದು' ಎನ್ನುವುದು. ಯೆರೆಮೀಯನ ಕ್ರಯಪತ್ರದಂತೆ ಅದೂ ಒಂದು ಗುರುತು, ಎಂಬ ಅರ್ಥದಲ್ಲಿ ಬರೆದಿದ್ದ. ಹಿಂದಿನ ವರ್ಷದ ಕೊನೆಯಲ್ಲಿ ಗೆಳೆಯರಿಗಾಗಿ ಬರೆದ ಒಂದು ಪ್ರಬಂಧದಲ್ಲೂ ಇದೇ ಹೊಲದ ಮಾತು ಬಂದಿತ್ತು. ಆ ಪ್ರಬಂಧವನ್ನು ಮನೆಯ ಛಾವಣಿಯ ಸಂದಿಯಲ್ಲಿ ಅಡಗಿಸಿಟ್ಟಿದ್ದರಿಂದ ಉಳಿಯಿತು. ಬಾರೂಕನ ಗಡಿಗೆ ಕಾಲಕ್ಕೆ ತಕ್ಕಂತೆ ರೂಪ ಬದಲಿಸುತ್ತದೆ.

ಅವನು ಸೆರೆಯಲ್ಲಿ ಶಾಂತನಾಗಿದ್ದನೆ? ನೋಡಿದವರು ಹೌದೆಂದರು. ತನ್ನ ಮನೆಯಿಂದ ಹೊರಡುವ ಯಜಮಾನನಂತೆ ಕೋಣೆಯಿಂದ ಹೊರಬರುತ್ತಾನೆಂದು ಇತರರು ಹೇಳುತ್ತಾರೆ. ತಾನೋ ಪಂಜರದ ಹಕ್ಕಿಯ ಹಾಗೆ ಚಡಪಡಿಸುವವನು. ಇವರಿಬ್ಬರಲ್ಲಿ ನಾನು ಯಾರು?—೧೯೪೪ರಲ್ಲಿ ಬರೆದ ಪದ್ಯವೊಂದರಲ್ಲಿ ಅವನೇ ಕೇಳಿಕೊಂಡ ಪ್ರಶ್ನೆಯ ಸಾರ ಇದು. ಸ್ಥೈರ್ಯವೆಂದರೆ ಒಳಗಿನ ಅನುಭವವೆಂದು ನಾವು ತಿಳಿಯುತ್ತೇವೆ. ಅದಿಲ್ಲದವರು ತಮ್ಮ ಭಕ್ತಿಯಲ್ಲೇ ಕೊರತೆಯಿದೆಯೆಂದು ಕೊರಗುತ್ತಾರೆ. ಈ ಕೊರಗು ಎಷ್ಟೋ ಒಳ್ಳೆಯ ಮನಸ್ಸುಗಳನ್ನು ಅನ್ಯಾಯವಾಗಿ ಹಿಂಡಿದೆ. ಬಾನ್‌ಹೋಫರ್ ಪ್ರತಿದಿನ ಓದುತ್ತಿದ್ದದ್ದು ಕೀರ್ತನೆಗಳ ಗ್ರಂಥವನ್ನು. ಅದರ ನೂರೈವತ್ತು ಹಾಡುಗಳಲ್ಲಿ ದೂರು, ಗೋಳು, ಜಗಳ ಕಡಿಮೆಯಿಲ್ಲ. ಎಂಬತ್ತೆಂಟನೆಯ ಕೀರ್ತನೆಯಂತೂ ಕತ್ತಲೆಯ ಮಾತಿನಲ್ಲೇ ನಿಂತುಬಿಡುತ್ತದೆ. ಕೊನೆಗೊಂದು ಮಂಗಳದ ಸಾಲನ್ನು ಸೇರಿಸಲು ಯಾರೂ ಕೈಹಾಕಲಿಲ್ಲ. ಆದರೂ ಆ ಗೋಳು ಗೋಡೆಗೆ ಹೇಳಿದ್ದಲ್ಲ, ಒಬ್ಬನನ್ನು ಎದುರಿಗಿಟ್ಟುಕೊಂಡು ಹೇಳಿದ್ದು. ಕೇಳುವವನಿದ್ದಾನೆಂದು ನಂಬಿ ಜಗಳವಾಡುವವನು ಇನ್ನೂ ಬಾಗಿಲಲ್ಲೇ ನಿಂತಿದ್ದಾನೆ. ಪಂಜರದ ಹಕ್ಕಿಗೂ ಆ ಪುಸ್ತಕದಲ್ಲಿ ಜಾಗವಿತ್ತು. ಅದಕ್ಕೇ ಅದನ್ನು ಮುಚ್ಚಿಡಬೇಕಾದ ಅಗತ್ಯ ಅವನಿಗೆ ಬೀಳಲಿಲ್ಲ.

೧೯೪೫ರ ಏಪ್ರಿಲ್ ೮, ಭಾನುವಾರ. ಸೆರೆಯಾಳುಗಳನ್ನು ಸಾಗಿಸುತ್ತಿದ್ದ ದಾರಿಯಲ್ಲಿ, ಬವೇರಿಯದ ಷೋನ್‌ಬೆರ್ಗ್ ಎಂಬ ಊರಿನ ಶಾಲೆಯ ಕೋಣೆಯಲ್ಲಿ, ಜೊತೆಯವರ ಬಯಕೆಯಂತೆ ಅವನು ಚಿಕ್ಕದೊಂದು ಆರಾಧನೆ ನಡೆಸಿದ. ಹೆರ್ನ್‌ಹೂಟ್ ಎಂಬ ಊರಿನ ಮೊರೇವಿಯನ್ ಸಹೋದರರು ೧೭೩೧ರಿಂದ ವರ್ಷವರ್ಷವೂ ಅಚ್ಚು ಹಾಕಿಸುತ್ತಿರುವ ದಿನಕ್ಕೊಂದು ವಚನದ ಕಿರುಹೊತ್ತಗೆ ಅವನ ಬಹುಕಾಲದ ಸಂಗಾತಿ. ಆ ದಿನಕ್ಕೆ ಗೊತ್ತಾಗಿದ್ದ ಪಾಠಗಳಲ್ಲಿ ಒಂದು ಪೇತ್ರನ ಮೊದಲ ಪತ್ರದ ಆರಂಭದ್ದು. ಜೀವಂತವಾದ ನಿರೀಕ್ಷೆಯನ್ನು ಕುರಿತದ್ದು. ಪ್ರಾರ್ಥನೆ ಮುಗಿಯುವಷ್ಟರಲ್ಲಿ ಅವನನ್ನು ಕರೆದೊಯ್ಯಲು ಜನ ಬಂದರು. ಮರುದಿನ ಬೆಳಿಗ್ಗೆ ಫ್ಲಾಸನ್‌ಬ್ಯೂರ್ಗ್ ಶಿಬಿರದಲ್ಲಿ ಅವನನ್ನು ಗಲ್ಲಿಗೇರಿಸಿದರು. ಅದೇ ತಿಂಗಳ ೨೩ರಂದು ಅಮೆರಿಕದ ಸೈನ್ಯ ಆ ಶಿಬಿರವನ್ನು ಬಿಡಿಸಿತು.

ಯೆರೆಮೀಯನೂ ತನ್ನ ಹೊಲದಲ್ಲಿ ನೇಗಿಲು ಹೂಡಿದನೆಂದು ಎಲ್ಲಿಯೂ ಬರೆದಿಲ್ಲ. ಪಟ್ಟಣ ಬಿದ್ದ ಮೇಲೆ ಅಳಿದುಳಿದವರು ಅವನನ್ನೂ ಬಾರೂಕನನ್ನೂ ಐಗುಪ್ತಕ್ಕೆ ಕರೆದೊಯ್ದರು. ಸುಮಾರು ಐವತ್ತು ವರ್ಷಗಳಾದ ಮೇಲೆ, ಪಾರಸಿಯ ದೊರೆ ಕೋರೆಷನ ಅಪ್ಪಣೆಯಿಂದ ಯೆಹೂದ್ಯರ ಗುಂಪು ಊರಿಗೆ ಹಿಂದಿರುಗಿತು. ಎಜ್ರನ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಅವರದೊಂದು ಪಟ್ಟಿಯಿದೆ. ಊರು ಮತ್ತು ತಲೆಗಳ ಲೆಕ್ಕವಷ್ಟೇ ಇರುವ ಒಣಪಟ್ಟಿ, ಓದುವವರು ಹಾರಿಸಿಬಿಡುವಂಥದು. ಅದರಲ್ಲಿ ಅನಾತೋತಿನವರು ೧೨೮ ಮಂದಿ. ಅವರಲ್ಲಿ ಯಾರಾದರೂ ಆ ಮಣ್ಣಿನ ಗಡಿಗೆಯನ್ನು ಹುಡುಕಿ ತೆಗೆದರೋ ಇಲ್ಲವೋ, ಪಟ್ಟಿ ಬರೆದವನು ಹೇಳುವುದಿಲ್ಲ.